ಹೊಟ್ಟಿನ ಹಲಗೆ

ಹದಡಿ ರಸ್ತೆಯ ನಮ್ಮ ಶೆಡ್ಡಿಗೆ
ಲಾರಿಯಿಂದ ಇಳಿಯುತ್ತವೆ, ಎಂಟಡಿ ನಾಲ್ಕಡಿ,
ಒಂದರ ಮೇಲೊಂದು, ಬಿಸ್ಕತ್ತಿನ ಹಾಗೆ.
ಗಂಟಿಲ್ಲ, ಎಳೆಯಿಲ್ಲ, ತಿರುಳು ಯಾವುದು ತೊಗಟೆ ಯಾವುದು ತಿಳಿಯದು.
ಯಾವ ಮರ ಎಂದು ಕೇಳಿದ ಗಿರಾಕಿಗೆ
ಮೌನಾಚಾರಿ ಹೇಳುತ್ತಾನೆ: ‘ಎಲ್ಲಾ ಮರ.’
ಕೇಳದವರಿಗೆ ಸನ್ಮೈಕಾದ ತೇಗ ತೋರಿಸುತ್ತಾನೆ.

ನನ್ನ ಕೆಲಸ ಅಂಚು ಕಟ್ಟುವುದು.
ಕೊಯ್ದ ಪಕ್ಕದಲ್ಲಿ ಇಣುಕುವ ತರಿತರಿ ಒಳಗನ್ನು
ಬಿಸಿ ಗೋಂದಿನ ಪಟ್ಟಿಯಿಂದ ಮುಚ್ಚುವುದು,
ಸೀರೆಗೆ ಫಾಲ್ ಹಚ್ಚಿದಂತೆ.
ಹೀಗೆ ಮುಚ್ಚಿ ಕಳಿಸಿದ್ದೇನೆ
ಟ್ಯೂಷನ್ ಮೇಜು, ಟಿವಿ ಸ್ಟ್ಯಾಂಡು, ಮೆಡಿಕಲ್ ಶಾಪಿನ ಗೂಡು,
ಆರ್ಕೆಸ್ಟ್ರಾದವರ ಸ್ಪೀಕರ್ ಡಬ್ಬಿ,
ನಿಟ್ಟುವಳ್ಳಿಯ ಯಾರದೋ ಮನೆಯ ದೇವರ ಮಂಟಪ ಕೂಡ.

ಮೊದಲ ದಿನ ಒಂದು ತುಂಡು ಮನೆಗೆ ಒಯ್ದಾಗ
ಅವ್ವ ಉಗುರಿನಿಂದ ಕೆರೆದಳು, ಮೂಸಿದಳು:
‘ಇದು ನಮ್ಮ ಒಲೆ ಅಲ್ಲೇನೋ!’

ಹೌದು. ಅಪ್ಪನ ಮಿಲ್ಲು ಮುಚ್ಚಿದ ವರ್ಷ
ಗೋಣಿಗೆ ಎಂಟಾಣೆ ಕೊಟ್ಟು ಸಾಮಿಲ್ಲಿನಿಂದ
ತಲೆ ಮೇಲೆ ಹೊಟ್ಟು ಹೊತ್ತು ತರುತ್ತಿದ್ದಳು ಹೊನ್ನೂರವ್ವ.
ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ, ಕೆಳಗೊಂದು ಕೋಲು ತೂರಿಸಿ,
ಸುತ್ತ ಹೊಟ್ಟು ಸುರಿದು ಮುಷ್ಟಿಯಲ್ಲಿ ಜಡಿದು
ಉಸಿರು ಹಿಡಿದು ಬಾಟಲಿ ತಿರುವಿ ಎಳೆದರೆ
ನಿಂತಿರಬೇಕು ಗೋಡೆ.
ಸಡಿಲಾದರೆ ಕುಸಿಯುತ್ತದೆ, ಬಿಗಿಯಾದರೆ ಉರಿಯುವುದಿಲ್ಲ.
ಅಷ್ಟೇ ಒತ್ತಬೇಕು. ಅಷ್ಟು ಎಂದರೆ ಎಷ್ಟು
ಎಂದು ಅವಳು ಯಾರಿಗೂ ಹೇಳಿಕೊಡಲಿಲ್ಲ.
ಒಂದು ಡಬ್ಬಿಗೆ ಅನ್ನ, ಸಾರು, ನನ್ನ ಸ್ನಾನದ ನೀರು.

ಕಳೆದ ತಿಂಗಳು ವಿನೋಬನಗರದಿಂದ ವಾಪಸು ಬಂತು
ಒಂದು ಬೀರು. ರಾತ್ರಿ ನಲ್ಲಿ ನಿಲ್ಲಿಸಲು ಮರೆತಿದ್ದರಂತೆ.
ಬುಡ ಉಬ್ಬಿ, ಚಹಾದಲ್ಲಿ ನೆನೆದ ರಸ್ಕಿನಂತೆ ಬಾಯಿ ಬಿಟ್ಟು,
ನಾನು ಹಚ್ಚಿದ ಪಟ್ಟಿ ನಾಲಿಗೆಯಾಗಿ ಜೋತಿತ್ತು.
ಸ್ಕ್ರೂ ಬೆರಳಿಗೇ ಕಳಚಿ ಬಂತು.
‘ನೀರು ತಾಗಬಾರದು ಅಂತ ನೀವು ಹೇಳಲಿಲ್ಲವಲ್ಲ’ ಎಂದರು ನಫೀಸಾಬಾನು.
ಬೈಯಲಿಲ್ಲ. ಅದೇ ಕಷ್ಟವಾಯಿತು.
ಮೌನಾಚಾರಿ ಬುಡದ ನಾಲ್ಕಿಂಚು ಕೊಯ್ದು
ಮತ್ತಿಮರದ ಕಾಲು ಕೊಟ್ಟ. ದುಡ್ಡು ಮುಟ್ಟಲಿಲ್ಲ.

ಕೊಯ್ದು ಬಿದ್ದ ಚೂರುಗಳಿಗೆ ಅವ್ವ ಚೀಲ ಹಿಡಿದು ಬಂದಳು,
ಗ್ಯಾಸಿದ್ದರೂ ಅವಳ ನೀರೊಲೆ ಹಿತ್ತಲಲ್ಲಿ ಇನ್ನೂ ಇದೆ.
‘ಬೇಡವ್ವ, ಗೋಂದಿನ ಹೊಗೆ. ಎದೆಗೆ ಒಳ್ಳೆಯದಲ್ಲ.’
ಅವಳಿಗೆ ನಂಬಿಕೆ ಬರಲಿಲ್ಲ.
ಹೊಟ್ಟು, ಆದರೆ ಸುಡುವ ಹಾಗಿಲ್ಲ!
ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟು
ಬಹಳ ಹೊತ್ತು ಅಲ್ಲೇ ನಿಂತಿದ್ದಳು.

ಬೀರುವಿನ ಹಳೆಯ ಬಾಗಿಲೊಂದು ಈಗ
ಅವಳ ಮಂಚದಲ್ಲಿ, ಹಾಸಿಗೆಯ ಕೆಳಗಿದೆ.
ಸೊಂಟಕ್ಕೆ ಹಿತ ಅನ್ನುತ್ತಾಳೆ. ದೂರು ಒಂದೇ:
‘ಮರ ಅಂದಮೇಲೆ ನಡುರಾತ್ರಿ ಒಂದ್ಸಲನಾದ್ರೂ
ಲಟ್ ಅನ್ಬೇಕು ಕಣಪ್ಪ.
ಎಷ್ಟೊಂದು ಮರ ಐತೆ ಅಂತೀಯ ಇದ್ರೊಳಗೆ,
ಒಂದೂ ಉಸಿರೆತ್ತಂಗಿಲ್ಲ.’