ಬಾಡಿ ಕೆಲಸ

ದಾವಲಸಾಬ ಬಗ್ಗಿ ನೋಡಿದ,
ಸ್ಕ್ರೂಡ್ರೈವರಿನ ಹಿಡಿಯಿಂದ ಬಾಗಿಲ ಕೆಳಗ ಬಡದ.
ಮೂರು ಕಡೆ ಕಬ್ಬಿಣ ಓ ಅಂತು,
ನಾಕನೇ ಕಡೆ ಹಪ್ಪಳ.
'ಇದಕ್ಕ ಗ್ಯಾಸ್ ಹಿಡದ್ರ
ಒಂದು ತೂತು ಹತ್ತಾಗತಾವು.
ಬೆಂಕಿ ತಾಳೂ ವಯಸ್ಸಲ್ಲ ಇದರದ್ದು.'
ಚಾ ಕುಡದ, ರೊಕ್ಕ ಮುಟ್ಟಲಿಲ್ಲ, ಹೋದ.

ಎಂಬತ್ತೆರಡರ ಪದ್ಮಿನಿ, ಬೆಣ್ಣಿ ಬಣ್ಣ.
ನಮ್ಮ ಓಣಿಯ ಅರ್ಧ ಕೂಸುಗಳು
ಇದರ ಹಿಂದಿನ ಸೀಟಿನ್ಯಾಗ ಅವಸರ ಮಾಡ್ಯಾವು.
ಒಂದು ಹುಟ್ಟೇ ಬಿಟ್ಟಿತು,
ಹುನಗುಂದ ಇನ್ನೂ ಎರಡು ಮೈಲಿ ಇರೂವಾಗ.
ಅವ ಈಗ ಗ್ರಾನೈಟಿನ ಲಾರಿ ಹೊಡಿತಾನ,
ಎದುರಾದ್ರ ಹಾರ್ನ್ ಹೊಡೀತಾನ,
ಇದಕ್ಕ. ನನಗಲ್ಲ.

ಮ್ಯಾಟ್ ಎತ್ತಿದ್ರ ಕಾಲ ಬುಡಕ ರಸ್ತೆ ಓಡತಿತ್ತು,
ಅಂಗೈ ಅಗಲ.

ಏಪ್ರಿಲ್ಲಿನ ಇಳಕಲ್ಲು. ಬೇವಿನ ನೆರಳೂ ಕಾದಿತ್ತು.
ತಂತಿ ಬ್ರಷ್ ಹಿಡದು ಕೂತೆ.
ಮುಚ್ಚಾಕ ಕೂತವ
ದಿನಾ ಪೂರ್ತಿ ತೂತು ದೊಡ್ಡದು ಮಾಡಿದೆ;
ಹೊಳಿಯೂ ಕಬ್ಬಿಣ ಸಿಗೂತನಕ
ಕೊಳತದ್ದಕ್ಕ ದಯಾ ತೋರಸೂಹಂಗಿಲ್ಲ.
ಅಂಗೈ ಇದ್ದದ್ದು ಸಂಜಿಗೆ ರೊಟ್ಟಿಯಷ್ಟಾತು.
ಉಗುಳಿದ್ರ ಉಗುಳೂ ಕೆಂಪು.

ಆಮ್ಯಾಲ, ಪಟ್ಟಿಯ ಟೊಳ್ಳಿನ್ಯಾಗ ಬೆರಳು ಹಾಕಿದೆ.
ಮಣ್ಣು. ಒಂದು ಹಸರು ಬಳಿಚೂರು.
ಮತ್ತ ಅಕ್ಕಿಕಾಳು, ಮುಷ್ಟಿ ತುಂಬ,
ಅರಿಷಿಣ ಹೋಗಿ ಕಪ್ಪಾದವು.
ಮೂವತ್ತು ವರ್ಷದ ಮದುವಿಗಳು
ಬಾಗಿಲ ಸಂದಿಯಿಂದ ಇಳದು
ನೀರು ಹೋಗೂ ತೂತಿಗೆ ಬೆಣಿ ಜಡದಂಗ ಕೂತಿದ್ವು.
ಮಂದಿ ಆಶೀರ್ವಾದ ಮಾಡಿದ್ರು,
ಗಾಡಿ ಒಳಗೊಳಗ ಕೊಳೀತು.
ಯಾರಿಗೆ ಬೈಯೂದು?

ಎದುರು ಮನಿ ನೀಲವ್ವ ಮಗ್ಗದ ಕುಣಿಯಿಂದ ಎದ್ದು ಬಂದ್ಲು,
ಸೊಂಟದ ಮ್ಯಾಲ ಕೈ ಇಟಗೊಂಡು ನೋಡಿದ್ಲು.
ನಲವತ್ತು ವರ್ಷ ಒಡಲಿನ ಹಾಸಿಗೆ ಸೆರಗಿನ ಹಾಸು ಕೂಡಿಸಿದ ಬೆರಳು.
'ಬರೇ ಅಂಟಸಬ್ಯಾಡೋ, ಕೊಂಡಿ ಹಾಕು.
ಇದರ ಕುಣಿಕಿಯೊಳಗ ಅದು ಹೋಗಬೇಕು.
ಸೀರಿ ಹರದ್ರೂ ಆ ಜಾಗ ಹರಿಯೂದಿಲ್ಲ.'

ಗುಜರಿಯೊಳಗ ಸಿಕ್ಕ ಫ್ರಿಜ್ಜಿನ ಬಾಗಿಲು ಕತ್ತರಿಸಿದೆ.
ಅಂಚು ಒಳಗ ಮಡಿಚಿ, ಕಾಗದದ ಅಳತಿಗೆ ಕೂಡಿಸಿ
ಇಪ್ಪತ್ತೆರಡು ರಿವೆಟ್ಟು.
ಒಂದೊಂದಕ್ಕೂ ಬಾಲ ಟಕ್ಕನ ಮುರೀತಿತ್ತು,
ನೀಲವ್ವ ಎಣಿಸತಿದ್ಲು.

ರೆಸಿನ್ ಡಬ್ಬಿ ಮ್ಯಾಲ ಬರದಿತ್ತು: ಇಪ್ಪತ್ತು ನಿಮಿಷ.
ನಮ್ಮ ಬಿಸಲು ಓದು ಬರಹ ಕಲತಿಲ್ಲ.
ನಾಕೇ ನಿಮಿಷಕ್ಕ ಲೋಟದಾಗ ಹೊಗಿ ಎದ್ದು
ಬ್ರಷ್ ಸಮೇತ ಕಲ್ಲಾತು.
ಮರದಿನ ಕೋಳಿ ಕೂಗೂ ಮುಂಚೆ ಕಲಸಿ
ಗಾಜಿನ ಅರಿವಿ ಮೂರು ಪದರು ಹಾಸಿದೆ.
ಮೈಯೆಲ್ಲಾ ನವಿ. ಎರಡು ರಾತ್ರಿ
ಹೆಂಡತಿ ಗೋಡಿ ಕಡೆ ಹೊಳ್ಳಿ ಮಲಗಿದ್ಲು.

ಪುಟ್ಟಿ. ನೀರು ಕಾಗದ. ಮತ್ತ ಪುಟ್ಟಿ.
ಕಣ್ಣಿಗೆ ಸಪಾಟ ಕಂಡದ್ದು ಅಂಗೈಗೆ ದಿನ್ನಿ.
ಕಣ್ಣು ಮುಚ್ಚಿ ಸವರೂದು ಕಲಿತೆ.

ಆದ್ರ ತಳದಾಗ,
ಎಲ್ಲಾ ಮುಚ್ಚಿ, ಡಾಂಬರು ಬಳದು ಮುಗಿಸಿದ ಮ್ಯಾಲ
ಡ್ರಿಲ್ ಹಿಡದು ನಾನ ಒಂದು ತೂತು ಹೊಡದೆ.
ಹೊಸಾ ಕೆಲಸಕ್ಕ ನಾನ ಮಾಡಿದ ಗಾಯ.
ಕೈ ಅಳ್ಳಾಡಿತು.

ದಾವಲಸಾಬ ಸ್ಪೀಕರಿನ ಅಯಸ್ಕಾಂತ ತಂದಿದ್ದ.
ಬಾಗಿಲ ಮ್ಯಾಲ ಗಪ್ಪನ ಕೂತದ್ದು
ನನ್ನ ಪಟ್ಟಿ ಮ್ಯಾಲ ಜಾರಿ ಅವನ ಕೈಗೇ ಬಿತ್ತು.
ಬಡದು ನೋಡಿದ.
ಕಬ್ಬಿಣ ಅಲ್ಲ, ಹಪ್ಪಳಾನೂ ಅಲ್ಲ,
ಹಣ್ಣಾಗದ ಕುಂಬಳಕಾಯಿ.
'ಎಷ್ಟು ವರ್ಷ?'
'ಎರಡು.'
'ಅಷ್ಟ್ರಾಗ ನೀ ಗಟ್ಟಿ ಇರು,' ಅಂದ. ಈ ಸಲಾನೂ
ಚಾ ಕುಡದ.

ಸಂಜಿಮುಂದ ಮ್ಯಾಲ ಎರಡು ಕೊಡ ನೀರು ಸುರುವಿ
ಮಣ್ಣಾಗ ಅಂಗಾತ ಮಲಗಿ ಕಾದೆ.
ಬರಲಿಲ್ಲ.
ಬರಲಿಲ್ಲ.
ಆಮ್ಯಾಲ ಒಂದು ಹನಿ, ಕೆಮ್ಮಣ್ಣು ಬಣ್ಣ,
ಅದರ ಹಿಂದ ಎಳಿಯಂಥ ಧಾರಿ.
ನಡುವ ಎಲ್ಲೋ ಉಳದ ಒಂದು ಅಕ್ಕಿಕಾಳು
ಹಣಿ ಮ್ಯಾಲ ಬಿತ್ತು.