ಮಂಚಕ್ಕೆ ಮುಂಚೆ

"ಸೀಟಿದೆ; ಮಂಚ ಮಾತ್ರ
ಲಸಿಕೆಯ ಚೀಟಿ ತಂದಮೇಲೆ," ಎಂದೆ.
ಟೊಮೆಟೊ ಮಂಡಿಯಲ್ಲಿ ತೂಕ ಬರೆಯುವ ಅಪ್ಪ
ಮೌನಿಕಳ ಅರ್ಜಿ ಮಡಚಿ, ಬಿಚ್ಚಿ,
"ಒಂದು ಸೂಜಿಗೆ ಇಷ್ಟಾ ಮೇಡಂ?
ಕಾಲೇಜಿಗೂ ಮೆದುಳಿನ ಜ್ವರಕ್ಕೂ ಏನು ನೆಂಟಸ್ತಿಕೆ?"

ಚಿಂತಾಮಣಿಯ ಈ ಹಾಸ್ಟೆಲಿನಲ್ಲಿ
ಕೋಣೆಗೆ ಆರು ಜನ.
ಒಂದೇ ಲೋಟ ಆರೂ ತುಟಿ ಸುತ್ತುತ್ತದೆ,
ಅದರ ಹಿಂದೆ ಕೆಮ್ಮು.

ಅಮರಾವತಿ ಶುಕ್ರವಾರ
"ಕತ್ತು ಬಗ್ಗುತ್ತಿಲ್ಲ, ಲೈಟು ಆರಿಸ್ರೇ" ಅಂದಳು.
ಪರೀಕ್ಷೆಯ ನೆಪ ಎಂದುಕೊಂಡೆವು.
ನಾನೂ.

ಭಾನುವಾರ ಅವಳ ಹಾಸಿಗೆ ಸುತ್ತಿ ಕೊಟ್ಟೆ.
ಬಕೆಟ್ಟು ಯಾರೂ ಕೇಳಲಿಲ್ಲ.
ನೇಲ್‌ಪಾಲಿಷಿನಲ್ಲಿ ಬರೆದ ಹೆಸರು
ತಿಕ್ಕಿದರೂ ಹೋಗಿಲ್ಲ;
ಈ ಮೇಜಿನ ಕೆಳಗಿದೆ, ನನ್ನ ಕಾಲಿಗೆ ತಾಗುತ್ತ.

ಅದನ್ನೆಲ್ಲ ಹೇಳಲಿಲ್ಲ.
"ರೂಲ್ಸು," ಎಂದೆ,
ಸೀಲಿನ ಡಬ್ಬಿ ಮುಚ್ಚಿ.