ಎಂಟನೆಯ ಬೋದಿಗೆ

ಬೀಗ ಮೊಂಡು; ಬಾಗಿಲನ್ನು ಮೊಣಕಾಲಿಂದ ತುಸು ಎತ್ತಿ
ಆಮೇಲೆ ಕೀಲಿ ತಿರುಗಿಸಬೇಕು.
ಹಾಂ, ಬನ್ನಿ. ತಲೆ ಜೋಕೆ ಎನ್ನುವಂತಿಲ್ಲ ಇಲ್ಲಿ,
ಎಲ್ಲವೂ ಬೇಕಾದ್ದಕ್ಕಿಂತ ಎತ್ತರ.
ಚಳಿಯೂ ಅಲ್ಲಿಂದಲೇ ಇಳಿಯುತ್ತದೆ.

ನಿಮ್ಮ ಕೈಪುಸ್ತಕದಲ್ಲಿ ಎರಡೇ ಸಾಲು ಇರಬೇಕು:
ಸಾವಿರದ ಎಂಟುನೂರ ಅರವತ್ತಾರು, ಕೆಂಪು ಮರಳುಗಲ್ಲು,
ವಿಶೇಷವೇನಿಲ್ಲ.
ನಲವತ್ತು ವರ್ಷದಿಂದ ಗುಡಿಸುತ್ತಿದ್ದೇನೆ,
ಆ ವಿಶೇಷವೇನಿಲ್ಲದ್ದರ ಮೂಲೆಮೂಲೆ
ನನ್ನ ಪೊರಕೆಗೆ ಗೊತ್ತು.

ಇದೇ ಜಾಗದಲ್ಲಿ ಮೊದಲೊಂದು ಚರ್ಚಿತ್ತು: ಗಿಡ್ಡದು, ಸೊಟ್ಟದು,
ಆರುನೂರು ವರ್ಷದ್ದು. ಮಾಡಿನ ಮೇಲೆ ಪಾಚಿ,
ಗೋಡೆಯೊಳಗೆ ಗೂಬೆ.
ದೊಡ್ಡಮನೆಯ ಲಟಿಮರ್ ಸ್ಕ್ರೂಪನಿಗೆ ಅದು ಅವಮಾನ.
ವೂಸ್ಟರಿನಿಂದ ನಕ್ಷೆಗಾರ ಬಂದ, ಕಂಕುಳಲ್ಲಿ ಕಾಗದದ ಸುರುಳಿ;
ಆರುನೂರು ವರ್ಷದ್ದನ್ನು ಕೆಡವಿ
ಆರುನೂರು ವರ್ಷದ್ದರ ಹಾಗೆ ಕಾಣುವುದನ್ನು ಕಟ್ಟಿದ.
ನಗಬೇಡಿ. ನಾನು ನಕ್ಕಾಗ ನಮ್ಮಜ್ಜಿ ಬೈದಿದ್ದಳು.
ಅವಳ ಅಜ್ಜ ಇಲ್ಲಿ ಕಲ್ಲು ಹೊತ್ತವನು, ದಿನಕ್ಕೆ ಎರಡು ಶಿಲ್ಲಿಂಗ್
ಮತ್ತು ಒಂದು ಹೂಜಿ ಸೇಬಿನ ಮದ್ಯ.

ಹಳೆಯದರಲ್ಲಿ ಉಳಿದದ್ದು ಆ ದೀಕ್ಷಾಸ್ನಾನದ ಕಲ್ಲುತೊಟ್ಟಿ ಮಾತ್ರ.
ನಡುವೆ ಕೆಲವು ಕಾಲ ಪ್ರಾಬರ್ಟ್ ಮನೆಯ ಹಂದಿಗಳು ಅದರಲ್ಲಿ ಉಂಡವು.
ತೊಳೆದು ತಂದರು. ನನಗೂ ಅದರಲ್ಲೇ ಹೆಸರಿಟ್ಟರು,
ಥರ್ಜಾ ಎಂದು.

ಈಗ ಕಂಬ ನೋಡಿ, ಈ ಕಡೆ ನಾಲ್ಕು, ಆ ಕಡೆ ನಾಲ್ಕು.
ಬೋದಿಗೆಯ ಮೇಲೆ ಎಲೆಗಳು. ನಕ್ಷೆಯ ಎಲೆಗಳಲ್ಲ;
ಅವು ಯಾವ ಮರದವೆಂದು ಕೆತ್ತುವ ಈನಕ್ ಟಿಡ್ಮಾರ್ಶನಿಗೆ ತಿಳಿಯಲಿಲ್ಲವಂತೆ.
ಬೆಳಿಗ್ಗೆ ಬೇಲಿಗುಂಟ ನಡೆದು, ಕಿತ್ತು ತಂದು,
ಬಾಡದಂತೆ ಬಾಯಿಂದ ನೀರು ಉಗುಳಿ
ನೋಡಿ ನೋಡಿ ಕೆತ್ತಿದ:
ಓಕ್, ಐವಿ, ಬಿಯರಿಗೆ ಹಾಕುವ ಹಾಪ್ ಬಳ್ಳಿ, ಮುಳ್ಳುಹಣ್ಣಿನ ಪೊದೆ.
ಇದು ಹುಳ ತಿಂದ ಸೇಬಿನೆಲೆ, ತೂತು ಸಹಿತ.
ಇಲ್ಲೊಂದು ಬಸವನಹುಳು. ನಕ್ಷೆಗಾರ ಕಂಡಿರಲಾರ,
ಕಂಡಿದ್ದರೆ ಕೂಲಿ ಮುರಿಯುತ್ತಿದ್ದ.

ಏಳು ಹಾಗೆ. ಎಂಟನೆಯದು, ಅಗೋ, ದಕ್ಷಿಣದ ಕೊನೆಗೆ,
ಬರಿಯ ಕಲ್ಲಿನ ಮುದ್ದೆ.
ಸಾರುವೆಯಿಂದ ಬಿದ್ದು ಸತ್ತ ಎನ್ನುತ್ತಾರೆ ಕೆಲವರು,
ಪಾದ್ರಿಯ ಅಡುಗೆಯವಳ ಜೊತೆ ಓಡಿಹೋದ ಎನ್ನುತ್ತಾರೆ ಹಲವರು.
ನಾನು ಲೆಕ್ಕದ ಪುಸ್ತಕ ನೋಡಿದ್ದೇನೆ,
ಪಾದ್ರಿ ನಿಲುವಂಗಿ ತೊಡುವ ಕೋಣೆಯ ಪೆಟ್ಟಿಗೆಯಲ್ಲಿ,
ಇಲಿ ತಿಂದು ಉಳಿದಷ್ಟು.
ಆ ಮೇ ತಿಂಗಳು ಲಂಡನ್ನಿನ ಬ್ಯಾಂಕೊಂದು ಬಾಗಿಲು ಹಾಕಿತು,
ಸ್ಕ್ರೂಪನ ರೈಲಿನ ಶೇರು ಬರೀ ಕಾಗದವಾಯಿತು.
ಕೊನೆಯ ಸಾಲು: ಟಿಡ್ಮಾರ್ಶ್, ಬೋದಿಗೆ ಒಂದು,
ನಾಲ್ಕು ಪೌಂಡು ಹತ್ತು ಶಿಲ್ಲಿಂಗ್.
ಅದರ ಮೇಲೆ ಅಡ್ಡಗೆರೆ.
ಎಳೆದ ಕೈ ನಡುಗಿದೆ. ಅಥವಾ ಲೇಖನಿ ಕೆಟ್ಟದಿತ್ತು.

ಹೋದ ವರ್ಷ ಹೆರೆಫರ್ಡಿನಿಂದ ಒಬ್ಬಳು ಬಂದಳು, ಒಳ್ಳೆಯ ಹುಡುಗಿ.
ಯಂತ್ರದಲ್ಲಿ ಕೊರೆದು ಪೂರ್ತಿ ಮಾಡಬಹುದು, ಅನುದಾನವಿದೆ ಎಂದಳು.
ಸಭೆ ಸೇರಿದೆವು, ಒಂಬತ್ತು ಜನ, ಒಂದು ನಾಯಿ.
ಮಾಡಿನ ಸೀಸದ ತಗಡು ಕಳುವಾಗಿ ಎರಡು ಚಳಿಗಾಲ;
ಆ ದುಡ್ಡಿಗೆ ಸೂರು ಮುಚ್ಚಿಕೊಡಿ ಎಂದ ಸೈಲಸ್.
ಅದಕ್ಕೆ ಬರುವುದಿಲ್ಲವಂತೆ ಆ ಹಣ.
ಕೈ ಎತ್ತಿಸಿದರು. ಬೇಡವೆಂದೆವು, ಎಲ್ಲರೂ.
ಕಾರಣ ಯಾರೂ ಹೇಳಲಿಲ್ಲ.

ಸೆಪ್ಟೆಂಬರಿನಲ್ಲಿ ಬರಬೇಕಿತ್ತು ನೀವು.
ಸುಗ್ಗಿಯ ಆರಾಧನೆಗೆ ನಾನು ಏಣಿ ಹತ್ತುತ್ತೇನೆ, ಮಗಳು ಬೈದರೂ,
ಆ ಮುದ್ದೆಗೆ ಹಾಪ್ ಬಳ್ಳಿ ಸುತ್ತಿ ದಾರ ಬಿಗಿಯುತ್ತೇನೆ.
ಕ್ರಿಸ್ಮಸ್ಸಿಗೆ ಹಾಲಿಯ ಮುಳ್ಳೆಲೆ, ಈಸ್ಟರಿಗೆ ಏನು ಚಿಗುರಿದರೆ ಅದು.
ನನಗೆ ಮೊದಲು ಡಾರ್ಕಸ್ ಪ್ರಾಬರ್ಟ್, ಅವಳಿಗೆ ಮೊದಲು ಅವಳ ಅತ್ತೆ.
ದಾರ ಉಜ್ಜಿ ಉಜ್ಜಿ ಕಲ್ಲಿನಲ್ಲಿ ತೋಡು ಬಿದ್ದಿದೆ,
ಬೆರಳಿಟ್ಟರೆ ಸಿಗುತ್ತದೆ.
ಆ ಏಳರ ಎಲೆ ಉದುರುವುದಿಲ್ಲ.
ಇದರದ್ದು ಸೋಮವಾರ ನೆಲದ ತುಂಬ.

ಮುಟ್ಟಿ ನೋಡುತ್ತೀರಾ? ಏಣಿ ಗಂಟೆಯ ಕೋಣೆಯಲ್ಲಿದೆ.
ಹೋಗುವಾಗ ಬಕೆಟ್ಟು ಎಡವೀರಿ.